ಕೂತ ಹಕ್ಕಿಗಳ ಸೂರು

ಒಂದು ಊರಿತ್ತು. ಎಲ್ಲಿತ್ತು ಅಂತ ಕೇಳಿದರೆ ಬೆರಳು ಮಾಡಿ ತೋರಿಸುವುದು ಕಷ್ಟ. ಬೆಟ್ಟ ಮುಗಿದು ಬಯಲು ಇನ್ನೂ ಶುರುವಾಗದ ಜಾಗದಲ್ಲಿತ್ತು ಅಂದುಕೊಳ್ಳಿ. ಆ ಊರಲ್ಲಿ ನಾಣ್ಯ ಇರಲಿಲ್ಲ, ನೋಟು ಇರಲಿಲ್ಲ. ಪಾರಿವಾಳಗಳೇ ಅವರ ದುಡ್ಡು. ಹೊಲ ಕೊಳ್ಳಬೇಕಾದರೆ ಹಕ್ಕಿ, ಮನೆ ಕಟ್ಟಬೇಕಾದರೆ ಹಕ್ಕಿ, ಜಗಳ ಬಿಡಿಸಿ ದಂಡ ಹಾಕಬೇಕಾದರೂ ಹಕ್ಕಿ. ನಮಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಾಗದದ ಚೂರು ನೋಡಿದ್ದರೆ ಅವರು ಇನ್ನೂ ಹೆಚ್ಚು ನಗುತ್ತಿದ್ದರೋ ಏನೋ.

ಹಕ್ಕಿಯನ್ನು ಯಾರೂ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಊರ ನಡುವೆ ಒಂದು ದೊಡ್ಡ ಮನೆ, ಮನೆಯ ಮೇಲೆ ಅಗಲವಾದ ತಾರಸಿ, ಆ ಮನೆಯಲ್ಲಿ ಒಬ್ಬ ದಲಾಲಿ. ಊರವರ ಹಕ್ಕಿಗಳೆಲ್ಲ ಅವನ ಸುಪರ್ದಿನಲ್ಲಿ. ಯಾವತ್ತು ಯಾವ ಗಾಳಿಗೆ ಹಾರಿಸಬೇಕು ಅಂತ ಒಡೆಯರು ಬಂದು ಹೇಳಿದರೆ ಅವನು ತಾರಸಿಯಿಂದ ಹಾರಿಸುತ್ತಿದ್ದ. ಹಾರಿದ ಹಕ್ಕಿ ಕೆಲವು ಸಲ ದೂರದ ಸೀಮೆಯಿಂದ ಜೊತೆಗಾರರನ್ನು ಕರೆದುಕೊಂಡು ಬರುತ್ತಿತ್ತು. ಕೆಲವು ಸಲ ಬರುತ್ತಲೇ ಇರಲಿಲ್ಲ. ಬಾರದಿದ್ದರೆ ಮನೆಯವರು ಒಂದೆರಡು ದಿನ ಊಟ ಬಿಟ್ಟು ಕೂರುತ್ತಿದ್ದರು, ಆಮೇಲೆ ಇನ್ನೊಂದು ಹಕ್ಕಿ ಹಾರಿಸುತ್ತಿದ್ದರು.

ದಿನವೂ ಮುಸ್ಸಂಜೆಗೆ ದಲಾಲಿ ತಾರಸಿಯ ಮೇಲೆ ನಿಂತು, ಹಕ್ಕಿ ಇರುವವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಿದ್ದ. ಹೆಸರು ಬಂದವರು ಎಲ್ಲಿದ್ದರೂ, ಒಲೆಯ ಮುಂದಿದ್ದರೂ ಹಟ್ಟಿಯಲ್ಲಿದ್ದರೂ, ನಿಂತು "ಇದ್ದೀನಿ" ಅನ್ನಬೇಕು. ಹೆಸರು, ಇದ್ದೀನಿ. ಹೆಸರು, ಇದ್ದೀನಿ. ಕತ್ತಲಾಗುವ ತನಕ ಊರೆಲ್ಲ ಇದೇ ಮಾತು. ಹೆಸರು ಕೂಗಿಸಿಕೊಳ್ಳದವರೂ ಊರಲ್ಲಿದ್ದರು, ಆದರೆ ಇದ್ದ ಲೆಕ್ಕಕ್ಕಿರಲಿಲ್ಲ. ಅವರ ಮಾತನ್ನು ಪಂಚಾಯಿತಿಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಅವರ ಮನೆಗೆ ಬಾಗಿಲು ಇಡುವ ಹಾಗಿರಲಿಲ್ಲ. ಇಂಥವರ ಆಳು, ಇಂಥವರ ಹುಡುಗಿ ಅಂತಷ್ಟೇ ಅವರ ಗುರುತು.

ಇನ್ನೊಂದು ಪದ್ಧತಿಯಿತ್ತು. ಹಾರದೆ ತೊಲೆಯ ಮೇಲೆ ಉಳಿದ ಹಕ್ಕಿಗೆ ಅವರು ಕೂತ ಹಕ್ಕಿ ಅನ್ನುತ್ತಿದ್ದರು, ಅದನ್ನು ನೋಡುವುದು ನಾಚಿಕೆಗೇಡು. ಹಾಗೆ ನೋಡಿದರೆ ಎಲ್ಲರ ಹಕ್ಕಿಯೂ ಆಗಾಗ ಕೂತೇ ಇರುತ್ತಿತ್ತು. ಒಂದು ಗಾಳಿಗೆ ಹೋಗಿ ಬಂದು ಇನ್ನೊಂದು ಗಾಳಿಗೆ ಕಾಯುತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವವರಿಲ್ಲ. ಹಕ್ಕಿ ಒಪ್ಪಿಸಲು ಬಂದವರು ಬಾಗಿಲಲ್ಲಿ ಬುಟ್ಟಿಯನ್ನು ಮುಂದಕ್ಕೆ ಚಾಚಿ ಮುಖ ಹಿಂದಕ್ಕೆ ತಿರುಗಿಸುತ್ತಿದ್ದರು. ತಾರಸಿಗೆ ಹೊರಗಡೆಯಿಂದಲೇ ಮೆಟ್ಟಿಲು. ಅಜ್ಜನ ಕಾಲದಿಂದ ಯಾರೂ ಸೂರಿನ ಕೆಳಗೆ ಕಾಲಿಟ್ಟವರಲ್ಲ, ಎಲ್ಲರ ಕಣ್ಣೂ ಆಕಾಶದ ಕಡೆಗೆ. ಆ ಊರಲ್ಲಿ ಕತ್ತುನೋವಿನ ಎಣ್ಣೆ ಮಾರುವವನು ಸುಖವಾಗಿದ್ದ.

ಹಕ್ಕಿ ಹೊರುವ ಆ ಬುಟ್ಟಿಗಳನ್ನು ಹೆಣೆಯುತ್ತಿದ್ದವಳು ಒಬ್ಬಳೇ. ಬುಟ್ಟಿಯವಳು ಅಂತಲೇ ಕರೆಯೋಣ. ಊರಿನ ಹಕ್ಕಿಗಳೆಲ್ಲ ಅವಳ ಬುಟ್ಟಿಯಲ್ಲೇ ತಾರಸಿ ಹತ್ತುತ್ತಿದ್ದವು, ಅವಳ ಸ್ವಂತದ ಒಂದು ಜೋಡಿ ಹಕ್ಕಿ ಮಾತ್ರ ಒಮ್ಮೆಯೂ ಹತ್ತಿರಲಿಲ್ಲ. ಅವಳ ಗಂಡ ಹಾರಿಸುವ ಹುಚ್ಚಿನವನು. ಇದ್ದ ಹಕ್ಕಿಗಳನ್ನೆಲ್ಲ ಒಂದೊಂದು ಗಾಳಿಗೆ ಕಳೆದು, ಕೊನೆಗೆ ಒಂದು ಜೋಡಿ ಉಳಿದಾಗ ತಾನೂ ಹೊರಟುಹೋದ. ಹೋಗುವಾಗ ಅವಳ ಕೈ ಹಿಡಿದು, "ಸರಿಯಾದ ಗಾಳಿ ಬಂದಾಗ ಹಾರಿಸು" ಅಂದಿದ್ದ. ಸರಿಯಾದ ಗಾಳಿಯ ಗುರುತೇನು ಅಂತ ಹೇಳಿರಲಿಲ್ಲ. ಗಾಳಿಗಳು ಬಂದವು, ಹೋದವು. ಪ್ರತಿ ಗಾಳಿಗೂ ಅವಳು ಅಂಗಳಕ್ಕೆ ಬಂದು ಸೆರಗು ಹಾರುವುದನ್ನು ನೋಡಿ, ಇದಲ್ಲವೇನೋ ಅಂದುಕೊಂಡು ಒಳಗೆ ಹೋಗುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಅಂಗಳದಲ್ಲಿ ಬೋರಲು ಹಾಕಿದ್ದ ದೊಡ್ಡ ಬುಟ್ಟಿಯನ್ನು ಎತ್ತಿದರೆ ಅದರ ಕೆಳಗೊಂದು ಹೆಣ್ಣುಮಗು ಮಲಗಿತ್ತು. ದಾರಿಹೋಕರು ಬಿಟ್ಟುಹೋದದ್ದೋ, ತಾನೇ ತೆವಳಿಕೊಂಡು ಬಂದದ್ದೋ. ಬುಟ್ಟಿಯವಳು ಆಚೆ ಈಚೆ ನೋಡಿದಳು, ಯಾರೂ ಕಾಣಲಿಲ್ಲ. ಮಗುವನ್ನು ಎತ್ತಿಕೊಂಡಳು, ಇಳಿಸಲು ಮನಸ್ಸು ಬರಲಿಲ್ಲ. ಅಷ್ಟೇ ಆದದ್ದು. ಮಗುವಿಗೆ ಒಂದು ಹೆಸರಿಟ್ಟಳು. ಆದರೆ ಹಕ್ಕಿಯಿಲ್ಲದ ಮಗುವಿನ ಹೆಸರನ್ನು ಬೀದಿಯಲ್ಲಿ ಕೂಗುವ ಹಾಗಿಲ್ಲವಲ್ಲ, ಮನೆಯ ಒಳಗೆ, ತಲೆ ಬಾಚುವಾಗ, ಮಲಗಿಸುವಾಗ ಮಾತ್ರ ಹೇಳುತ್ತಿದ್ದಳು. ಊರಿಗೆ ಅವಳು ಬುಟ್ಟಿಯವಳ ಹುಡುಗಿ.

ಹುಡುಗಿ ಬೆಳೆದಳು. ಬುಟ್ಟಿಯವಳ ಎದೆಯಲ್ಲಿ ಒಂದು ಚಿಂತೆಯೂ ಅವಳ ಜೊತೆಗೇ ಬೆಳೆಯಿತು. ಪ್ರಾಯಕ್ಕೆ ಬಂದವರಿಗೆ ಮೊದಲ ಕೂಗು ಅಂತ ಒಂದು ಸಂಜೆ ಇರುತ್ತಿತ್ತು. ಆ ಸಂಜೆ ಸ್ವಂತದ ಒಂದು ಜೋಡಿ ಹಕ್ಕಿ ಇದ್ದವರ ಹೆಸರು ಕೂಗಿಗೆ ಸೇರುತ್ತಿತ್ತು. ಆ ಸಂಜೆ ತಪ್ಪಿದರೆ ಆಮೇಲೆ ಇಲ್ಲ, ಬದುಕಿರುವ ತನಕ ಯಾರದೋ ಹುಡುಗಿಯಾಗಿಯೇ ಇರಬೇಕು. ಬುಟ್ಟಿಯವಳು ತನ್ನ ಜೋಡಿಯನ್ನು ಕೊಟ್ಟುಬಿಡಬಹುದಿತ್ತು. ಕೊಟ್ಟರೆ ತನ್ನ ಹೆಸರು ಅಳಿಸಿಹೋಗುತ್ತಿತ್ತು, ಹೆಸರಿನ ಜೊತೆಗೆ ಮನೆಯ ಬಾಗಿಲೂ ಹೋಗುತ್ತಿತ್ತು. ಇಲ್ಲವೇ ಹಾರಿಸಬಹುದಿತ್ತು, ಬಂದರೆ ಇಬ್ಬರಿಗೂ ಹೆಸರು, ಬಾರದಿದ್ದರೆ ಇಬ್ಬರಿಗೂ ಇಲ್ಲ.

ಊರಲ್ಲಿ ಗಾಳಿ ಹೇಳುವವನು ಅಂತ ಒಬ್ಬನಿದ್ದ. ಬೆಳಗಾದರೆ ಚೌಕದ ಕಲ್ಲಿನ ಮೇಲೆ ನಿಂತು, ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, ಇವತ್ತು ಮೂಡಣ, ನಾಳೆ ಪಡುವಣ ಅಂತ ಭರವಸೆಯಿಂದ ಹೇಳುವವನು. ಹೇಳಿದ್ದು ತಪ್ಪಿದರೆ ಮಾರನೆಯ ದಿನ ಅದಕ್ಕಿಂತ ಭರವಸೆಯಿಂದ ಹೇಳುತ್ತಿದ್ದ. ಮೊದಲ ಕೂಗಿನ ಸಂಜೆ ಹತ್ತಿರ ಬಂದಾಗ ಅವನು ಬುಟ್ಟಿಯವಳ ಅಂಗಳಕ್ಕೇ ಬಂದ.

"ಏನವ್ವ, ಇನ್ನೂ ಕೂರಿಸಿಕೊಂಡೇ ಇದ್ದೀಯಾ? ಕೂತಲ್ಲೇ ಮುದಿಯಾಗ್ತಾವೆ ಅವು. ನಾಡಿದ್ದು ಪಡುವಣ ಗಾಳಿ ಬೀಸುತ್ತೆ. ಇಂಥ ಗಾಳಿ ನಾನು ಕಂಡೇ ಇಲ್ಲ. ಹಾರಿಸಿಬಿಡು, ಹುಡುಗಿಗೆ ಒಂದಲ್ಲ, ನಾಲ್ಕು ಜೋಡಿ ತರ್ತಾವೆ."

"ಬರದೇ ಹೋದ್ರೆ?" ಬುಟ್ಟಿಯವಳು ಬಿದಿರ ಸೀಳಿನಿಂದ ಕಣ್ಣೆತ್ತಲಿಲ್ಲ.

"ಹೆದರಿಕೊಂಡು ಕೂತವರ ಹಕ್ಕಿ ಯಾವತ್ತಾದ್ರೂ ಏನಾದ್ರೂ ತಂದಿದ್ದುಂಟಾ?" ಅಂದು ಅವನು ನಕ್ಕ.

ಆ ನಗು ಅವಳಿಗೆ ಚುಚ್ಚಿತು. ಅವನು ಹೇಳಿದ್ದನ್ನು ಅವಳೇ ತನಗೆ ಸಾವಿರ ಸಲ ಹೇಳಿಕೊಂಡಿದ್ದಳು. ಗಂಡ ಬಿಟ್ಟುಹೋದ ಒಂದೇ ಒಂದು ಆಸ್ತಿಯನ್ನು ಕತ್ತಲಲ್ಲಿ ಕೂರಿಸಿ ಹಾಳು ಮಾಡಿದೆ, ನನ್ನ ಪುಕ್ಕಲುತನಕ್ಕೆ ಮಗು ಬೆಲೆ ತೆರಬೇಕಾಯಿತು ಅಂತ ಒಳಗೊಳಗೇ ಬೇಯುತ್ತಿದ್ದಳು. ಪಡುವಣ ಗಾಳಿ ಎದ್ದ ದಿನ ಅವಳು ಒಂದು ಬುಟ್ಟಿ ತೆಗೆದುಕೊಂಡು, ಮಟಮಟ ಮಧ್ಯಾಹ್ನ ದಲಾಲಿಯ ಮನೆಗೆ ಹೊರಟಳು.

ಬಾಗಿಲಲ್ಲಿ ನಿಂತು ಬುಟ್ಟಿ ಮುಂದಕ್ಕೆ ಚಾಚಿ, ಮುಖ ಹಿಂದಕ್ಕೆ ತಿರುಗಿಸಿ, "ನನ್ನ ಜೋಡಿ ಕೊಡಿ ಯಜಮಾನ್ರೇ. ಇವತ್ತು ಹಾರಿಸ್ತೀನಿ" ಅಂದಳು.

ದಲಾಲಿ ಮುದುಕ. ಸಂಜೆ ತಾರಸಿಯ ಮೇಲೆ ದೊಡ್ಡ ಗಂಟಲು, ಉಳಿದ ಹೊತ್ತಿನಲ್ಲಿ ಅವನ ದನಿ ಕೇಳಿದವರೇ ಕಡಿಮೆ. ಬುಟ್ಟಿ ತೆಗೆದುಕೊಂಡು ಒಳಗೆ ಹೋದ. ಬಹಳ ಹೊತ್ತಾದರೂ ಬರಲಿಲ್ಲ. ಒಳಗಿನಿಂದ ಅವನು ಯಾರನ್ನೋ ರಮಿಸುವ ಮಾತು ಕೇಳಿಸಿತು. "ಏಳಪ್ಪಾ. ಏಳು ಮಾರಾಯ. ನಿನ್ನ ಒಡತಿ ಬಂದಿದ್ದಾಳೆ." ಕೊನೆಗೆ ಬರಿ ಬುಟ್ಟಿ ಹಿಡಿದು ಬಾಗಿಲಿಗೆ ಬಂದ.

"ಏಳ್ತಾ ಇಲ್ಲ ತಾಯಿ."

"ಕಾಯಿಲೆಯಾ?"

"ಕಾಯಿಲೆಯಲ್ಲ."

"ಮತ್ತೇನು?"

ದಲಾಲಿ ಬರಿ ಬುಟ್ಟಿಯನ್ನು ಅವಳ ಕಡೆಗೆ ಚಾಚಿದ. ಸತ್ತೇ ಹೋಗಿರಬೇಕು, ಹೇಳಲು ಬಾಯಿ ಬರುತ್ತಿಲ್ಲ ಅಂದುಕೊಂಡಳು ಬುಟ್ಟಿಯವಳು. ಅವಳು ಮುಖ ತಿರುಗಿಸಿದಳು. ಹಿಂದಕ್ಕಲ್ಲ, ಮುಂದಕ್ಕೆ. ಅವನನ್ನು ಪಕ್ಕಕ್ಕೆ ಸರಿಸಿ ಹೊಸಿಲು ದಾಟಿ ಸೂರಿನ ಕೆಳಗೆ ಹೋದಳು.

ಒಳಗೆ ಬೆಚ್ಚಗಿತ್ತು. ಕಾಳಿನ ವಾಸನೆ, ಪುಕ್ಕದ ವಾಸನೆ, ನಾಲ್ಕೂ ಕಡೆಯಿಂದ ಗುಟುರ್ ಗುಟುರ್ ಅನ್ನುವ ಸದ್ದು. ಗೋಡೆಯ ತುಂಬ ಮಡಕೆಗಳನ್ನು ಅಡ್ಡ ಹೂಳಿ ಗೂಡು ಮಾಡಿದ್ದರು. ಬಾಗಿಲ ಬಳಿಯ ತಗ್ಗಿನ ಗೂಡಿನಲ್ಲಿ ಅವಳ ಜೋಡಿ. ಹೆಣ್ಣು ಹೊರಗೆ ಕೂತು ಕಾಳು ಹೆಕ್ಕುತ್ತಿತ್ತು. ಗಂಡು ಗೂಡಿನೊಳಗೆ ಮೈ ಅಗಲಿಸಿ ಕೂತಿತ್ತು. ಅವಳು ಹತ್ತಿರ ಹೋದಾಗ ಅದು ಸ್ವಲ್ಪ ಸರಿದು, ರೆಕ್ಕೆಯಿಂದ ಅವಳ ಕೈಗೆ ಒಂದು ಏಟು ಕೊಟ್ಟಿತು. ಸರಿದ ಜಾಗದಲ್ಲಿ ಎರಡು ಬಿಳಿ ಮೊಟ್ಟೆಗಳು.

"ಹಗಲು ಗಂಡಿನ ಸರದಿ," ದಲಾಲಿ ಹಿಂದೆ ನಿಂತು ಹೇಳಿದ. "ಸಂಜೆಯಾದ್ರೆ ಹೆಣ್ಣು ಕೂರುತ್ತೆ. ಮರಿಯಾದ ಮೇಲೆ ಗಂಟಲಲ್ಲಿ ಹಾಲು ಮಾಡಿಕೊಂಡು ಇಬ್ಬರೂ ಕುಡಿಸ್ತಾವೆ. ತಂದೆಯೂ ಕುಡಿಸ್ತಾನೆ ತಾಯಿ, ನೋಡಬೇಕು ನೀವು."

"ಇದೇ ಮೊದಲ ಸಲವಾ?"

ಅವನು ನೆಲ ನೋಡಿದ. "ಅಲ್ಲ. ವರ್ಷಕ್ಕೆ ಎಷ್ಟೋ ಸಲ. ನಿಮ್ಮದು ಮಾತ್ರವಲ್ಲ, ಇಲ್ಲಿ ಕೂತದ್ದೆಲ್ಲ ಇಡ್ತಾವೆ."

"ಆ ಮರಿಗಳೆಲ್ಲ ಎಲ್ಲಿ?"

"ಈ ಮನೆಗೆ ಸೇರ್ತಾವೆ. ನಮ್ಮಪ್ಪನ್ನ ಕೇಳಿದ್ದೆ ನಾನು, ಇವು ಯಾರವು ಅಂತ. ಕೇಳಿದವರವು ಅಂದ. ಯಾರೂ ಕೇಳಲಿಲ್ಲ."

ಬುಟ್ಟಿಯವಳಿಗೆ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ತನ್ನ ಹಕ್ಕಿ ಹಾಲು ಕುಡಿಸಿ ಬೆಳೆಸಿದ ಮರಿಗಳನ್ನು ಖರ್ಚು ಮಾಡಿ ಈ ಮನುಷ್ಯ ತಾರಸಿಗೆ ಗಾರೆ ಹಾಕಿಸಿದ್ದಾನೆ. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಹಾಗಾದರೆ ಇವು ಸುಮ್ಮನೆ ಕೂತಿರಲಿಲ್ಲ. ನಾನು ಗಾಳಿಗೆ ಹೆದರಿ ಕೂತಿದ್ದಾಗ ಇವು ಇಲ್ಲಿ ಸರದಿ ಮೇಲೆ ಸಂಸಾರ ಮಾಡುತ್ತಿದ್ದವು. ನಾನು ಏನನ್ನೂ ಹಾಳು ಮಾಡಿಲ್ಲ. ಅವಳು ಗೋಡೆಗೆ ಒರಗಿ ಕೂತು ಅತ್ತುಬಿಟ್ಟಳು. ದಲಾಲಿ ಏನು ಮಾಡಬೇಕೋ ತಿಳಿಯದೆ ಒಂದು ಚೊಂಬು ನೀರು ತಂದಿಟ್ಟ.

ನೀರು ಕುಡಿದು ಅವಳು ಹೇಳಿದಳು. "ಈಗ ಕೇಳ್ತಾ ಇದ್ದೀನಿ. ಈ ಮೊಟ್ಟೆ ನನ್ನವು."

"ಹಿಂದಿನದ್ದು ಕೊಡೋಕಾಗಲ್ಲ. ಇವು ನಿಮ್ಮವು."

"ಇವನ್ನ ನನ್ನ ಮಗಳ ಹೆಸರಿಗೆ ಇಡಿ. ಮೊದಲ ಕೂಗಿಗೆ ಅವಳ ಹೆಸರು ಕೂಗಿ. ಬೇಕಾದ್ರೆ ನಾನು ಯಾರಿಗೂ ಹೇಳಲ್ಲ. ನಿಮ್ಮ ಮನೆಯ ಗುಟ್ಟು ನಿಮ್ಮ ಮನೇಲೇ ಇರ್ಲಿ." ಅವನಿಗೊಬ್ಬನಿಗೇ ಕೇಳುವ ಹಾಗೆ ಮಗಳ ಹೆಸರು ಹೇಳಿದಳು.

ದಲಾಲಿ ತಲೆ ಅಲ್ಲಾಡಿಸಿದ. "ಅದು ಹೇಗಾಗುತ್ತೆ? ಆ ಸಂಜೆ ಹಕ್ಕಿ ತೋರಿಸು ಅಂತಾರೆ. ಮೊಟ್ಟೆ ತೋರಿಸಿದ್ರೆ ಎಲ್ಲಿಂದ ಬಂತು ಅಂತಾರೆ. ಇದು ಮರಿಯಾಗಿ ರೆಕ್ಕೆ ಬರೋ ಹೊತ್ತಿಗೆ ಆ ಸಂಜೆ ಕಳೆದುಹೋಗಿರುತ್ತೆ. ಮೊಟ್ಟೆಗೆ ಹೆಸರು ಕೂಗಿದ್ದು ಊರಲ್ಲೇ ಇಲ್ಲ."

"ಹಾಗಾದ್ರೆ ಈ ಜೋಡೀನೇ ಅವಳಿಗೆ ಮಾಡಿಬಿಡಿ."

"ನಿಮ್ಮ ಹೆಸರು?"

"ಬೇಕಾದಷ್ಟು ಸಂಜೆ ಇದ್ದೀನಿ ಅಂದಿದ್ದೀನಿ," ಅಂದಳು ಬುಟ್ಟಿಯವಳು. "ಅವಳು ಒಂದು ಸಲವೂ ಅಂದಿಲ್ಲ."

ದಲಾಲಿ ಅದಕ್ಕೆ ಉತ್ತರ ಕೊಡದೆ ಬೇರೆಯೇ ಒಂದು ಮಾತು ಹೇಳಿದ. "ನಾನು ಹುಟ್ಟಿದ್ದು ಈ ಸೂರಿನ ಕೆಳಗೆ. ಒಳಗೆ ಬಂದು ತಮ್ಮ ಹಕ್ಕಿ ಹೇಗಿದೆ ಅಂತ ನೋಡಿದವರು ನೀವೊಬ್ಬರೇ."

"ಮಾಡ್ತೀರಾ ಇಲ್ವಾ ಹೇಳಿ."

"ನೋಡೋಣ" ಅಂದ. ನೋಡೋಣ ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಬುಟ್ಟಿಯವಳು ಅಷ್ಟನ್ನೇ ಹೊತ್ತುಕೊಂಡು ಮನೆಗೆ ಬಂದಳು. ಪಡುವಣ ಗಾಳಿ ಬೀಸಿ ನಿಂತಿತು.

ಮಗಳಿಗೆ ಎಲ್ಲವನ್ನೂ ಹೇಳಿದಳು, ಜೋಡಿ ಕೊಡುವ ಮಾತೊಂದನ್ನು ಬಿಟ್ಟು. ಹುಡುಗಿ ಮೊಟ್ಟೆ ಎಷ್ಟು ದೊಡ್ಡದು, ಬಣ್ಣ ಹೇಗೆ, ಗಂಡು ಕೂತಾಗ ಹೆಣ್ಣು ಏನು ಮಾಡುತ್ತೆ ಅಂತ ಕೇಳಿದ್ದೇ ಕೇಳಿದ್ದು. ತನ್ನ ಹೆಸರಿನ ವಿಷಯ ಕೇಳಲೇ ಇಲ್ಲ. ತಾಯಿಗೆ ನೋವಾಗದಿರಲಿ ಅಂತ ಅವಳು ಕೇಳುತ್ತಿಲ್ಲ ಅನ್ನುವುದು ಬುಟ್ಟಿಯವಳಿಗೆ ಗೊತ್ತಾಗುತ್ತಿತ್ತು.

ಮೊದಲ ಕೂಗಿನ ಸಂಜೆ ಊರಿಗೆ ಊರೇ ತಾರಸಿಯ ಮೇಲೆ ಸೇರಿತು. ತಾಯಿ ಮಗಳು ಮೆಟ್ಟಿಲ ಹತ್ತಿರ, ಎಲ್ಲರಿಗಿಂತ ಹಿಂದೆ ನಿಂತರು. ದಲಾಲಿ ಹಳೆಯ ಹೆಸರುಗಳಿಂದ ಶುರು ಮಾಡಿದ. ಹೆಸರು, ಇದ್ದೀನಿ. ಹೆಸರು, ಇದ್ದೀನಿ. ತನ್ನ ಹೆಸರು ಬಾರದೆ ಮುಂದೆ ಹೋಗಲಿ ಅಂತ ಬುಟ್ಟಿಯವಳು ಕಣ್ಣು ಮುಚ್ಚಿ ಬೇಡಿಕೊಂಡಳು. ತನ್ನದು ಅಳಿದಿದ್ದರೆ ಮಗಳದು ಸೇರಿದೆ ಅಂತ ಅರ್ಥ.

ಅವಳ ಹೆಸರು ಬಂತು.

"ಇದ್ದೀನಿ" ಅಂದಳು. ಯಾರಿಗೂ ಕೇಳಿಸಲಿಲ್ಲ. ಪಕ್ಕದವರು ತಿರುಗಿ ನೋಡಿದ ಮೇಲೆ ಇನ್ನೊಮ್ಮೆ ಅಂದಳು. ದಲಾಲಿ ಅವಳು ಕೇಳಿದ್ದನ್ನು ಮಾಡಿರಲಿಲ್ಲ. ಹುಡುಗಿಗೆ ಏನು ತಿಳಿಯಿತೋ, ಮೆಲ್ಲನೆ ಅವಳ ತೋಳು ಹಿಡಿದುಕೊಂಡಳು.

ಆಮೇಲೆ ಹೊಸ ಹೆಸರುಗಳು. ಪ್ರಾಯದ ಹುಡುಗ ಹುಡುಗಿಯರು ಬುಟ್ಟಿ ಹಿಡಿದು ಮುಂದೆ ಬಂದರು, ಮುಚ್ಚಳ ತೆಗೆದರು, ಹಕ್ಕಿಗಳು ಮೇಲೆದ್ದು ತಾರಸಿಯನ್ನು ಸುತ್ತಿದವು. ಊರೆಲ್ಲ ಕತ್ತೆತ್ತಿ ನೋಡಿತು. ಕೊನೆಯ ಹುಡುಗನೂ ಇದ್ದೀನಿ ಅಂದ. ಜನ ಕಾಲು ಎಳೆದುಕೊಂಡು ಮೆಟ್ಟಿಲ ಕಡೆ ತಿರುಗಿದರು. ದಲಾಲಿ ಮಾತ್ರ ನಿಂತಲ್ಲೇ ನಿಂತಿದ್ದ.

"ಮುಗೀತಲ್ಲ, ಇಳಿಯೋಣ" ಅಂದ ಗಾಳಿ ಹೇಳುವವನು.

"ಮುಗಿದಿಲ್ಲ. ಇನ್ನೂ ಒಂದು ಹೆಸರಿದೆ."

ಎಲ್ಲರೂ ಮತ್ತೆ ಆಕಾಶ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಮೇಲೆ ನೋಡಬೇಡಿ," ಅಂದ ದಲಾಲಿ. "ಕೆಳಗಿದೆ. ಸೂರಿನ ಒಳಗೆ. ಬನ್ನಿ ಎಲ್ಲರೂ."

ಯಾರೂ ಅಲ್ಲಾಡಲಿಲ್ಲ. ಮೊದಲು ಮೆಟ್ಟಿಲಿಳಿದವಳು ಬುಟ್ಟಿಯವಳ ಹುಡುಗಿ. ಕಳೆದುಕೊಳ್ಳಲು ಹೆಸರೇ ಇಲ್ಲದವಳಿಗೆ ನಾಚಿಕೆ ಎಲ್ಲಿಂದ ಬರಬೇಕು? ಅವಳ ಹಿಂದೆ ಬುಟ್ಟಿಯವಳು, ಅವಳ ಹಿಂದೆ ಬೇರೆಯವರು, ಒಬ್ಬರನ್ನೊಬ್ಬರು ನೋಡದೆ, ತಲೆ ತಗ್ಗಿಸಿ, ಹೊಸಿಲು ದಾಟಿ ಒಳಗೆ ಬಂದರು. ದಲಾಲಿ ದೀಪ ಎತ್ತಿ ಹಿಡಿದ.

ಎಲ್ಲರೂ ತಮ್ಮ ತಮ್ಮದನ್ನು ಹುಡುಕುತ್ತಿದ್ದರು. ಕುಂಬಾರ ತನ್ನ ಕೂತ ಹಕ್ಕಿಯನ್ನು ಕಂಡುಹಿಡಿದು, ಹೆಂಡತಿಗೆ ತೋರಿಸಿದ. ಒಬ್ಬ ಮುದುಕಿ ಒಂದು ಗೂಡಿನ ಮುಂದೆ ಕೂತೇಬಿಟ್ಟಳು. ಗಾಳಿ ಹೇಳುವವನು ಮೂಲೆಯ ಕತ್ತಲಲ್ಲಿ ಸಾಲು ಸಾಲಾಗಿ ಕೂತಿದ್ದ ತನ್ನ ಹಕ್ಕಿಗಳಿಗೆ ಬೆನ್ನು ಅಡ್ಡ ಮಾಡಿಕೊಂಡು ನಿಂತ. ಅಷ್ಟು ವರ್ಷ ಊರಿಗೆಲ್ಲ ಹಾರಿಸಿ ಅಂದವನು ತನ್ನದನ್ನು ಹಾರಿಸಿದ್ದು ಕಡಿಮೆಯೇ.

ದಲಾಲಿ ಮುಚ್ಚುಮರೆಯಿಲ್ಲದೆ ಹೇಳಿದ. "ಕೂತದ್ದೆಲ್ಲ ಮೊಟ್ಟೆ ಇಡ್ತಾವೆ. ಇವತ್ತಿನ ತನಕ ಅದನ್ನ ಈ ಮನೆ ತಿಂದಿದೆ. ವಾಪಸ್ ಕೊಡೋ ಶಕ್ತಿ ನನಗಿಲ್ಲ. ಇನ್ನು ಮುಂದೆ ನಿಮ್ಮ ಹಕ್ಕಿ ಇಟ್ಟದ್ದು ನಿಮ್ಮದು. ಬಾಗಿಲ ಬಳಿಯ ಗೂಡಿನ ಎರಡು ಮೊಟ್ಟೆ ಬುಟ್ಟಿಯವಳ ಹುಡುಗಿಯವು. ಕಾಳಿನ ಖರ್ಚಿಗೆ ಒಂದು ಪಾಲು ಮಾತ್ರ ಮನೆಗೆ." ಎಷ್ಟಾದರೂ ದಲಾಲಿಯಲ್ಲವೇ, ಪಾಲು ಕೇಳುವುದನ್ನು ಮರೆಯಲಿಲ್ಲ. ಊರು ಅವನನ್ನು ಬೈಯದೆ ಬಿಡಲಿಲ್ಲ, ಮುಂದಿನ ದಿನಗಳಲ್ಲಿ ಆ ಬಾಗಿಲಲ್ಲಿ ಸಾಕಷ್ಟು ಕೂಗಾಟ ನಡೆಯಿತು. ಆದರೆ ಆ ಸಂಜೆ ಯಾರಿಗೂ ಗಂಟಲೆತ್ತಲು ಮನಸ್ಸಾಗಲಿಲ್ಲ. ತಮ್ಮ ಹಕ್ಕಿಯ ಮುಖವನ್ನು ಅವರು ಮೊದಲ ಸಲ ನೋಡುತ್ತಿದ್ದರು.

"ಅದೇನೋ ಸರಿ," ಗಾಳಿ ಹೇಳುವವನು ಮೂಲೆಯಿಂದ ಅಂದ. "ಮೊಟ್ಟೆಗೆ ಹೆಸರು ಕೂಗೋದುಂಟಾ?"

"ನಿಮ್ಮ ಗೂಡುಗಳಲ್ಲೂ ಮೊಟ್ಟೆ ಇವೆ," ಅಂದ ದಲಾಲಿ. "ಅವು ಲೆಕ್ಕಕ್ಕಿಲ್ಲ ಅಂತೀರಾ?"

ಗಾಳಿ ಹೇಳುವವನು ಹಿಂದೆ ತಿರುಗಿ ನೋಡಿದ. ಮತ್ತೆ ಆ ಪ್ರಶ್ನೆಯನ್ನು ಅವನೂ ಕೇಳಲಿಲ್ಲ, ಬೇರೆಯವರೂ ಕೇಳಲಿಲ್ಲ.

ಹುಡುಗಿ ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಅವಳು ಬಾಗಿಲ ಬಳಿಯ ತಗ್ಗಿನ ಗೂಡಿನ ಮುಂದೆ ಮಂಡಿಯೂರಿದ್ದಳು. ಸರದಿ ಬದಲಾಗುವ ಹೊತ್ತು. ಗಂಡು ಎದ್ದು ಹೊರಗೆ ಬಂತು, ಹೆಣ್ಣು ಒಳಗೆ ಹೋಗಿ ಮೊಟ್ಟೆಗಳನ್ನು ಎದೆಯ ಕೆಳಗೆ ಸೇರಿಸಿಕೊಂಡಿತು. ಹುಡುಗಿ ಉಸಿರು ಬಿಗಿಹಿಡಿದು ಎರಡು ಬೆರಳನ್ನು ಆ ಪುಕ್ಕದ ಅಡಿಗೆ ಸರಿಸಿದಳು. ಹಕ್ಕಿ ಬಿಟ್ಟಿತು.

ದಲಾಲಿ ಬೆನ್ನು ನೆಟ್ಟಗೆ ಮಾಡಿ ತಾರಸಿಯ ಗಂಟಲಿನಲ್ಲೇ ಕೂಗಿದ. "ಕೇದಗೆ."

ಮನೆಯ ಒಳಗೆ, ತಲೆ ಬಾಚುವಾಗ, ಮಲಗಿಸುವಾಗ ಮಾತ್ರ ಹೇಳುತ್ತಿದ್ದ ಹೆಸರನ್ನು ಊರ ನಡುವೆ ಕೇಳಿ ಬುಟ್ಟಿಯವಳಿಗೆ ಮೈ ಜುಂ ಅಂದಿತು. ಸೂರಿನ ಹಕ್ಕಿಗಳೆಲ್ಲ ಬೆಚ್ಚಿ ರೆಕ್ಕೆ ಬಡಿದವು. ಹುಡುಗಿ ಮಾತ್ರ ಉತ್ತರ ಕೊಡಲಿಲ್ಲ. ದಲಾಲಿ ಇನ್ನೂ ಜೋರಾಗಿ ಕೂಗಿದ. "ಕೇದಗೆ."

ಹುಡುಗಿ ಕೈ ತೆಗೆಯದೆ, ತಲೆಯನ್ನಷ್ಟೇ ಹಿಂದಕ್ಕೆ ತಿರುಗಿಸಿ, ಊರೆಲ್ಲ ಕಿವಿ ನಿಮಿರಿಸಿ ನಿಂತಿದ್ದರೂ ಪಿಸುಮಾತಿನಲ್ಲಿ ಹೇಳಿದಳು.

"ಸ್ವಲ್ಪ ಮೆಲ್ಲಗೆ ಕೂಗಿ ಅಜ್ಜಾ, ಹಕ್ಕಿ ಎದ್ದುಬಿಡುತ್ತೆ. ಇಲ್ಲೇ ಇದ್ದೀನಿ."